ಎರಡು ದೋಣಿ ಕಟ್ಟಿದ ಜಂಗಲ್: ಹೃದಯದ ಕವಾಟ ಮಾಡಿದವರು ವೈದ್ಯರೋ, ಎಂಜಿನಿಯರರೋ?

ಪ್ರಶ್ನೆ: ನಾನು ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು ಈಗ ಪ್ಲಸ್ ಟು ಓದುತ್ತಿದ್ದೇನೆ. ಗಣಿತ, ಜೀವಶಾಸ್ತ್ರ ಎರಡೂ ಇವೆ, ಎರಡೂ ಇಷ್ಟ. ಎರಡು ವರ್ಷದ ಹಿಂದೆ ನನ್ನ ದೊಡ್ಡಮ್ಮನಿಗೆ ಹೃದಯದ ಕವಾಟ ಬದಲಾಯಿಸಿದರು. ರಾತ್ರಿ ಅವರ ಪಕ್ಕದಲ್ಲಿ ಮಲಗಿದರೆ ಟಿಕ್ ಟಿಕ್ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಅದನ್ನು ಮಾಡಿದವರು ವೈದ್ಯರೇ, ಎಂಜಿನಿಯರರೇ? ನನಗೂ ಅಂಥ ಕೆಲಸ ಮಾಡಬೇಕೆಂಬ ಆಸೆ. ನೀಟ್ ಬರೆಯಲೇ, ಜೆಇಇ ಬರೆಯಲೇ? ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಮನೆಯಲ್ಲಿ ಬುದ್ಧಿ ಹೇಳುತ್ತಿದ್ದಾರೆ. ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಅಡ್ಡಿಯಾದೀತೇ?

ಉತ್ತರ: ಒಂದು ಸದ್ದು ಕೇಳಿ, ಅದನ್ನು ಮಾಡಿದವರು ಯಾರು ಎಂದು ಯೋಚಿಸಿದಿರಲ್ಲ, ಆ ಒಂದು ಕಾರಣಕ್ಕೇ ನಿಮಗೆ ವಿವರವಾಗಿ ಬರೆಯುತ್ತೇನೆ. ನಾನೂ ಕಾಸರಗೋಡು ಜಿಲ್ಲೆಯವನೇ, ಮಂಜೇಶ್ವರ ತಾಲೂಕಿನವನು. ದೇಹದೊಳಗೆ ಇಡುವ ಲೋಹ, ಪ್ಲಾಸ್ಟಿಕ್, ಪಿಂಗಾಣಿಗಳ ನಡುವೆ ಮೂರು ದಶಕ ಕಳೆದವನು. ಇವುಗಳಿಗೆ ಜೈವಿಕ ವಸ್ತು ಅಥವಾ ಬಯೋಮೆಟೀರಿಯಲ್ ಎಂದು ಹೆಸರು. ಪರೀಕ್ಷೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಕವಾಟ.

ನಿಮ್ಮ ತೋಟದ ಕೆರೆಯಲ್ಲಿಯೋ ಬಾವಿಯಲ್ಲಿಯೋ ಪಂಪಿನ ಕೊಳವೆಯ ಬುಡದಲ್ಲಿ ಒಂದು ಫುಟ್ ವಾಲ್ವ್ ಇರುತ್ತದೆ. ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ. ಅದರೊಳಗೊಂದು ಅಡಿಕೆ ಸಿಪ್ಪೆ ಸಿಕ್ಕಿಕೊಂಡರೂ ಸಾಕು, ರಾತ್ರಿ ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಇಳಿದುಹೋಗಿ ಪಂಪು ಒಣಗಿ ತಿರುಗುತ್ತದೆ. ಹೃದಯದಲ್ಲಿ ಇಂಥವು ನಾಲ್ಕು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ವರ್ಷಕ್ಕೆ ಲೆಕ್ಕ ಹಾಕಿದರೆ ಮೂರೂವರೆ ಕೋಟಿಗೂ ಮೇಲೆ. ಚಿಕ್ಕಂದಿನಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬಂದು, ಅದಕ್ಕೆ ಸರಿಯಾದ ಔಷಧ ಸಿಗದೆ ಹೋದರೆ, ಕೆಲವು ಮಕ್ಕಳಲ್ಲಿ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಹೃದಯದ ಕವಾಟಗಳ ಮೇಲೆ ಎರಗುತ್ತದೆ. ಇದು ರುಮ್ಯಾಟಿಕ್ ಜ್ವರ. ಜ್ವರ ಹೋದರೂ ಗಾಯದ ಕಲೆ ಉಳಿಯುತ್ತದೆ. ವರ್ಷಗಳು ಕಳೆದಂತೆ ಕವಾಟದ ಎಸಳುಗಳು ದಪ್ಪಗಾಗಿ ಅಂಟಿಕೊಳ್ಳುತ್ತವೆ, ಇಲ್ಲವೇ ಸೋರುತ್ತವೆ. ನಮ್ಮ ದೇಶದಲ್ಲಿ ಹೀಗೆ ಕವಾಟ ಕೆಟ್ಟವರಲ್ಲಿ ಬಡವರ ಮಕ್ಕಳು, ಹರೆಯದ ತಾಯಂದಿರು ಬಹಳ. ಕೆಟ್ಟ ಕವಾಟವನ್ನು ಬದಲಿಸಬಹುದು ಎಂಬುದು ಗೊತ್ತಾದ ಮೇಲೂ ಅವರಿಗೆ ಅದು ಸಿಗುವಂತಿರಲಿಲ್ಲ. ಕವಾಟ ವಿದೇಶದಿಂದ ಬರಬೇಕಿತ್ತು.

ಮೊದಲ ಯಶಸ್ವಿ ಕೃತಕ ಕವಾಟದ ಕಥೆಯಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ. ಅಮೆರಿಕದ ಒರೆಗಾನ್‌ನಲ್ಲಿ ಆಲ್ಬರ್ಟ್ ಸ್ಟಾರ್ ಎಂಬ ಯುವ ಶಸ್ತ್ರವೈದ್ಯರಿದ್ದರು. ಅವರನ್ನು ಹುಡುಕಿಕೊಂಡು ಲೋವೆಲ್ ಎಡ್ವರ್ಡ್ಸ್ ಎಂಬ ವಯಸ್ಸಾದ ಎಂಜಿನಿಯರ್ ಬಂದರು. ವಿಮಾನದ ಇಂಧನ ಪಂಪುಗಳ ಮೇಲೆ ಕೆಲಸ ಮಾಡಿದ್ದವರು. ಇಡೀ ಕೃತಕ ಹೃದಯವನ್ನೇ ಮಾಡೋಣ ಎಂಬುದು ಅವರ ಆಸೆ. ಸ್ಟಾರ್ ಅವರು, ಮೊದಲು ಒಂದು ಕವಾಟ ಮಾಡೋಣ ಎಂದರು. 1960ರಲ್ಲಿ ಅವರ ಕವಾಟ ಮನುಷ್ಯರ ಎದೆಯಲ್ಲಿ ಕೆಲಸ ಮಾಡಿತು: ಲೋಹದ ಪಂಜರ, ಅದರೊಳಗೆ ಏರಿ ಇಳಿಯುವ ಒಂದು ಗುಂಡು. ಪಂಪು ಬಲ್ಲವರು ಮತ್ತು ಹೃದಯ ಬಲ್ಲವರು ಒಂದೇ ಮೇಜಿಗೆ ಕುಳಿತದ್ದರಿಂದ ಆದದ್ದು ಅದು.

ಇನ್ನರ್ಧ ಉತ್ತರ ನಮಗೆ ಬಹಳ ಹತ್ತಿರದಲ್ಲಿದೆ. ಕಾಸರಗೋಡಿನಲ್ಲಿ ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಇಳಿಯುವ ತಿರುವನಂತಪುರದಲ್ಲಿ. ಮಾವೇಲಿಕ್ಕರದಲ್ಲಿ 1934ರಲ್ಲಿ ಹುಟ್ಟಿದ ಡಾ. ಎಂ.ಎಸ್. ವಲಿಯತ್ತಾನ್ ತಿರುವನಂತಪುರದ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದರು. ಇಂಗ್ಲೆಂಡಿನಲ್ಲಿ ಶಸ್ತ್ರಚಿಕಿತ್ಸೆ ಕಲಿತರು. ಆಮೇಲೆ ಅಮೆರಿಕದಲ್ಲಿ ಹೃದಯ ಶಸ್ತ್ರಚಿಕಿತ್ಸೆ. ಅಲ್ಲಿ ಅವರಿಗೆ ಸಿಕ್ಕ ಗುರುಗಳನ್ನು ಗಮನಿಸಿ. ಒಬ್ಬರು ವಿನ್ಸೆಂಟ್ ಗಾಟ್. ಪರಮಾಣು ಇಂಧನದ ಕಣಗಳಿಗೆ ಲೇಪಿಸಲು ತಯಾರಿಸಿದ್ದ ಒಂದು ಬಗೆಯ ಇಂಗಾಲ ರಕ್ತವನ್ನು ಹೆಪ್ಪುಗಟ್ಟಿಸುವುದು ಕಡಿಮೆ ಎಂಬುದನ್ನು ಜ್ಯಾಕ್ ಬೊಕ್ರೋಸ್ ಎಂಬ ವಸ್ತುವಿಜ್ಞಾನಿಯ ಜೊತೆ ಸೇರಿ ತೋರಿಸಿದವರು. ಇನ್ನೊಬ್ಬರು ಚಾರ್ಲ್ಸ್ ಹಫ್ನಗೆಲ್. 1952ರಲ್ಲೇ ಮಹಾಪಧಮನಿಯಲ್ಲಿ ಪ್ಲಾಸ್ಟಿಕ್ ಕವಾಟ ಕೂರಿಸಿದ ಸಾಹಸಿ. ಚಾಕು ಹಿಡಿಯುವುದನ್ನು ಕಲಿಯಲು ಹೋದ ವೈದ್ಯರು, ಚಾಕು ಹಿಡಿದವರು ಕಾರ್ಖಾನೆಯ ಕಡೆಗೂ ನಡೆದುಹೋಗಬೇಕಾಗುತ್ತದೆ ಎಂಬುದನ್ನೂ ಕಲಿತು ಬಂದರು.

1974ರಲ್ಲಿ ಅವರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಕೇಂದ್ರದ ಹೊಣೆ ಹೊತ್ತರು. ಕಟ್ಟಡ ತಿರುವಾಂಕೂರು ರಾಜಮನೆತನದ ಕೊಡುಗೆ. ಆಸ್ಪತ್ರೆ ಒಂದು ಕಡೆ. ಕೆಲವು ಕಿಲೋಮೀಟರ್ ದೂರದ ಪೂಜಪ್ಪುರದಲ್ಲಿ, ಅದೇ ರಾಜಮನೆತನ ಬಿಟ್ಟುಕೊಟ್ಟ ಸ್ಯಾಟೆಲ್ಮಂಡ್ ಅರಮನೆಯಲ್ಲಿ, ಎಂಜಿನಿಯರರ, ರಸಾಯನ ವಿಜ್ಞಾನಿಗಳ ಪ್ರಯೋಗಾಲಯ. ರೋಗಿಗಳಿರುವ ಆಸ್ಪತ್ರೆ ಮತ್ತು ಲೇತ್ ತಿರುಗುವ ಕಾರ್ಯಾಗಾರ ಒಂದೇ ಸಂಸ್ಥೆಯ ಎರಡು ಕೈಗಳಾಗಿರಬೇಕು ಎಂಬುದು ಆಗ ನಮ್ಮ ದೇಶದಲ್ಲಿ ಯಾರೂ ಮಾಡಿ ನೋಡದ ವಿಚಾರ. 1980ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಡಿಯಲ್ಲಿ. ಆರೋಗ್ಯ ಇಲಾಖೆಯ ಅಡಿಯಲ್ಲಿ ಅಲ್ಲ ಎಂಬುದನ್ನು ನೆನಪಿಡಿ. ನನ್ನ ಮಟ್ಟಿಗೆ ವಲಿಯತ್ತಾನ್ ಅವರ ಅತಿ ದೊಡ್ಡ ಸಾಧನೆ ಕವಾಟಕ್ಕಿಂತಲೂ ಈ ಏರ್ಪಾಡು.

ಕವಾಟದ ಕೆಲಸ 1970ರ ದಶಕದ ನಡುವೆ ಶುರುವಾಯಿತು. ಎಂಜಿನಿಯರಿಂಗ್ ಕಡೆಯ ಮುಂದಾಳು ಜಿ.ಎಸ್. ಭುವನೇಶ್ವರ್. ಅವರು ಆರಿಸಿಕೊಂಡದ್ದು ವಾಲುವ ತಟ್ಟೆಯ ವಿನ್ಯಾಸ: ಲೋಹದ ಉಂಗುರದಂಥ ಚೌಕಟ್ಟು, ಅದರಲ್ಲಿ ಕಡ್ಡಿಗಳ ನಡುವೆ ನಿಂತು ಓರೆಯಾಗಿ ತೆರೆದುಕೊಳ್ಳುವ ಒಂದು ದುಂಡು ತಟ್ಟೆ, ಸುತ್ತ ಹೃದಯಕ್ಕೆ ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಅಂಚು. ಕಾಗದದ ಮೇಲೆ ಸುಲಭ. ಮೊದಲ ಮಾದರಿಯಲ್ಲಿ ಕಡ್ಡಿಯನ್ನು ಚೌಕಟ್ಟಿಗೆ ಬೆಸೆದಿದ್ದರು. ಬೆಸುಗೆಯ ಜಾಗ ಪೆಡಸಾಗಿ ಮುರಿಯಿತು. ಮುಂದಿನ ಮಾದರಿಯಲ್ಲಿ ಟೈಟಾನಿಯಂ ಚೌಕಟ್ಟಿಗೆ ಕೃತಕ ನೀಲಮಣಿಯ ತಟ್ಟೆ ಕೂರಿಸಿದರು. ನೀಲಮಣಿ ವಜ್ರಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಗಡಸು. ಅದು ಹಾಗೆಯೇ ಉಳಿಯಿತು, ಟೈಟಾನಿಯಂ ಸವೆಯಿತು. ಸರಿ, ಸವೆಯದ ಲೋಹ ಬೇಕು ಎಂದು ಜೆಟ್ ಎಂಜಿನ್‌ಗಳಂಥ ಬಿಸಿ ಯಂತ್ರಗಳಿಗಾಗಿ ಹುಟ್ಟಿದ ಹೇಯ್ನ್ಸ್-25 ಎಂಬ ಕೋಬಾಲ್ಟ್ ಮಿಶ್ರಲೋಹವನ್ನು ತಂದರು. ಪರೀಕ್ಷಾ ಯಂತ್ರದಲ್ಲಿ ಒಳ್ಳೆಯ ಫಲಿತಾಂಶ. ಕುರಿಗಳ ಹೃದಯದಲ್ಲಿ ಇಟ್ಟರು. ಕೆಲವು ತಿಂಗಳಲ್ಲಿ ಒಂದು ಕುರಿ ಸತ್ತಿತು. ತೆರೆದು ನೋಡಿದರೆ ನೀಲಮಣಿಯ ತಟ್ಟೆ ಒಡೆದಿತ್ತು.

ಇಲ್ಲಿ ಸ್ವಲ್ಪ ನಿಲ್ಲಿ. ವರ್ಷಗಳ ಕೆಲಸ, ಸರಕಾರದ ಹಣ, ಮೂರು ಮಾದರಿ, ಮೂರೂ ಸೋತಿವೆ. ನನಗೆ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಗೌರವ ಹುಟ್ಟಿಸುವ ಘಟ್ಟ ಇದು. ಒಂದೇ ಕುರಿ ತಾನೇ ಎಂದು ಮುಂದೆ ಹೋಗುವುದಕ್ಕೆ ಅವಕಾಶವಿತ್ತು. ಅವರು ಹಾಗೆ ಮಾಡಲಿಲ್ಲ. ನೀಲಮಣಿಯನ್ನು ಕೈಬಿಟ್ಟು ಅತಿ ಹೆಚ್ಚು ಅಣುತೂಕದ ಪಾಲಿಎಥಿಲೀನ್ ತಟ್ಟೆಗೆ ಬಂದರು. ಉಗುರಿನಿಂದ ಗೀರಿದರೂ ಗೆರೆ ಬೀಳಬಹುದಾದ ಬಿಳಿಯ ಪ್ಲಾಸ್ಟಿಕ್. ಮಣಿ ಸೋತ ಕಡೆ ಅದು ಗೆದ್ದಿತು. ಗಡಸುತನ ಬೇರೆ, ಪೆಟ್ಟು ತಾಳುವ ಗುಣ ಬೇರೆ. ನಮ್ಮಲ್ಲಿ ಅಡಿಕೆ ಹಾಳೆ ಬಾಗುತ್ತದೆ, ಮಡಕೆ ಒಡೆಯುತ್ತದೆ. ಕೋಟಿಗಟ್ಟಲೆ ಸಲ ಬಡಿಯುವ ಜಾಗಕ್ಕೆ ಬಾಗಿ ತಾಳುವುದೇ ಬೇಕು.

ಈ ಪ್ಲಾಸ್ಟಿಕ್ ಕೂಡ ಸೋಲಿನಿಂದಲೇ ವೈದ್ಯಕೀಯಕ್ಕೆ ಬಂದದ್ದು. ಇಂಗ್ಲೆಂಡಿನ ಮೂಳೆ ವೈದ್ಯ ಜಾನ್ ಚಾರ್ನ್ಲಿ ಸೊಂಟದ ಕೃತಕ ಕೀಲಿಗೆ ಮೊದಲು ಟೆಫ್ಲಾನ್ ಬಳಸಿದರು. ಜಾರುವ ಗುಣದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಬೇಗ ಸವೆದು, ಉದುರಿದ ಪುಡಿಗೆ ಸುತ್ತಲಿನ ಮಾಂಸ ಕೆರಳಿತು. ಆ ಪುಡಿಯ ಗುಣ ನೋಡಲು ಅವರು ತಮ್ಮ ತೊಡೆಗೇ ಟೆಫ್ಲಾನ್ ಚುಚ್ಚಿಕೊಂಡರು. ಹ್ಯಾರಿ ಕ್ರೇವನ್ ಎಂಬ ಅವರ ಕಾರ್ಯಾಗಾರದ ಕುಶಲಕರ್ಮಿ, ಮಾರಾಟಗಾರರೊಬ್ಬರು ತಂದ ಪಾಲಿಎಥಿಲೀನ್ ತುಂಡನ್ನು ಸವೆತದ ಯಂತ್ರಕ್ಕೆ ಹಾಕಿ ನೋಡಿದರು. 1962ರಿಂದ ಅದು ಮನುಷ್ಯರ ಸೊಂಟ ಸೇರಿತು. ವೈದ್ಯರ ಹೆಸರು ಎಲ್ಲರಿಗೂ ಗೊತ್ತು. ಕ್ರೇವನ್ ಅವರ ಹೆಸರನ್ನೂ ನೀವು ತಿಳಿದಿರಬೇಕೆಂದು ಬರೆದೆ.

ಚಿತ್ರಾ ಕವಾಟದ ನಾಲ್ಕನೆಯ ಮಾದರಿಯಲ್ಲಿ ಬೆಸುಗೆಯೇ ಇಲ್ಲ. ಚೌಕಟ್ಟು, ಕಡ್ಡಿ ಎಲ್ಲವನ್ನೂ ಒಂದೇ ಲೋಹದ ಗಟ್ಟಿಯಿಂದ ಕಡೆದು ತೆಗೆಯುತ್ತಾರೆ. ಈ ಹಟ ಏಕೆ ಬೇಕಾಗಿತ್ತು ಎಂಬುದು ಹೊರದೇಶದ ಒಂದು ದುರಂತ ನೋಡಿದರೆ ತಿಳಿಯುತ್ತದೆ. ಬ್ಯೋರ್ಕ್-ಶಾಯ್ಲಿ ಎಂಬ ಪ್ರಸಿದ್ಧ ಕವಾಟದ ಒಂದು ಮಾದರಿಯಲ್ಲಿ ಬೆಸೆದ ಕಡ್ಡಿ ಮುರಿದು ತಟ್ಟೆ ಕಳಚಿಹೋಗಿ ನೂರಾರು ಜನ ಸತ್ತರು. 1986ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ನಮ್ಮ ಕೆಲಸದಲ್ಲಿ ತಪ್ಪು ಲೆಕ್ಕ ಎಂದರೆ ಇದು. ಯಾಂತ್ರಿಕ ಕವಾಟವೊಂದು ಮನುಷ್ಯರ ದೇಹ ಸೇರುವ ಮೊದಲು ಯಂತ್ರದಲ್ಲಿ 40 ಕೋಟಿ ಸಲ ತೆರೆದು ಮುಚ್ಚಿ ಪಾಸಾಗಬೇಕು ಎಂಬ ಅಂತಾರಾಷ್ಟ್ರೀಯ ನಿಯಮ ಸುಮ್ಮನೆ ಬಂದದ್ದಲ್ಲ. ಹತ್ತು ವರ್ಷದ ಹೃದಯ ಬಡಿತ ಅಷ್ಟಾಗುತ್ತದೆ.

1990ರ ಡಿಸೆಂಬರ್ 6ರಂದು ತಿರುವನಂತಪುರದಲ್ಲಿ ಆ ಕವಾಟವನ್ನು ಮೊದಲ ಬಾರಿಗೆ ಒಬ್ಬ ರೋಗಿಗೆ ಕೂರಿಸಿದರು. ಆಮೇಲೆ ಟಿಟಿಕೆ ಸಂಸ್ಥೆ ತಯಾರಿಕೆಯನ್ನು ವಹಿಸಿಕೊಂಡಿತು. ಆಮದು ಕವಾಟಕ್ಕಿಂತ ಬಹಳ ಕಡಿಮೆ ಬೆಲೆಗೆ, ಈವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅದು ತಲುಪಿದೆ.

ವಸ್ತುಗಳ ಬಗ್ಗೆ ಇನ್ನೊಂದು ಮಾತು, ಏಕೆಂದರೆ ಬಯೋಮೆಟೀರಿಯಲ್ ಎಂದರೆ ಗಟ್ಟಿಯಾದ ವಸ್ತುವನ್ನು ಹುಡುಕುವುದು ಎಂದು ಮಕ್ಕಳು ತಿಳಿದುಕೊಳ್ಳುತ್ತಾರೆ. ಮಳೆಗಾಲಕ್ಕೆ ಮೊದಲು ಅಡಿಕೆಗೆ ಮದ್ದು ಬಿಡಲು ಮೈಲುತುತ್ತು, ಸುಣ್ಣ ಕಲಸುವುದನ್ನು ನೀವು ನೋಡಿರುತ್ತೀರಿ. ಹದ ಸರಿಯಿದೆಯೇ ಎಂದು ತಿಳಿಯಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಸುಣ್ಣ ಸಾಲದಿದ್ದರೆ ಕಬ್ಬಿಣದ ಮೇಲೆ ಕೆಂಪಗೆ ತಾಮ್ರ ಹತ್ತುತ್ತದೆ. ಅಂದರೆ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತಿದೆ. ನಮ್ಮ ರಕ್ತವೂ ಬೆಚ್ಚಗಿನ ಉಪ್ಪುನೀರು. ಅದರಲ್ಲಿ ವರ್ಷಗಟ್ಟಲೆ ಇರುವ ಲೋಹ ಕರಗಬಾರದು. ಟೈಟಾನಿಯಂ, ಕೋಬಾಲ್ಟ್-ಕ್ರೋಮಿಯಂ ಲೋಹಗಳು ತಮ್ಮ ಮೈಮೇಲೆ ತಾವೇ ತೆಳುವಾದ ಆಕ್ಸೈಡ್ ಪದರ ಹೊದ್ದುಕೊಂಡು ಬಚಾವಾಗುತ್ತವೆ. ಅದಾದ ಮೇಲೆ ರಕ್ತದ ಕಡೆಯ ಪ್ರಶ್ನೆ: ಪರಕೀಯ ಮೈ ಮುಟ್ಟಿದರೆ ರಕ್ತ ಹೆಪ್ಪುಗಟ್ಟಲು ಹೊರಡುತ್ತದೆ. ವಸ್ತುವಿಗೆ ದೇಹ ಏನು ಮಾಡುತ್ತದೆ ಎಂಬುದನ್ನು ಎಂಜಿನಿಯರ್ ಲೆಕ್ಕ ಹಾಕಬಲ್ಲರು, ದೇಹಕ್ಕೆ ವಸ್ತು ಏನು ಮಾಡುತ್ತದೆ ಎಂಬುದನ್ನು ವೈದ್ಯರು ಕಾಣಬಲ್ಲರು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಎರಡೂ ಅರೆಬರೆ.

ಕೆಲವೊಮ್ಮೆ ಉತ್ತರ ವಿಚಿತ್ರವಾಗಿರುತ್ತದೆ. ರಕ್ತ ತುಂಬುವ ಚೀಲ ಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಪಿವಿಸಿ ಮೆತ್ತಗಾಗಲು ಡಿಇಎಚ್‌ಪಿ ಎಂಬ ಎಣ್ಣೆಯಂಥ ರಾಸಾಯನಿಕ ಬೆರೆಸುತ್ತಾರೆ, ಅದು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ಇಳಿಯುವುದು ದೋಷವೇ, ಆದರೆ ಅದೇ ರಾಸಾಯನಿಕ ಕೆಂಪು ರಕ್ತಕಣಗಳ ಪೊರೆಯನ್ನು ಗಟ್ಟಿಮಾಡಿ ರಕ್ತ ಹೆಚ್ಚು ದಿನ ಬಾಳುವಂತೆಯೂ ಮಾಡುತ್ತದೆ. ಗಾಜಿನ ಬಾಟಲಿಗಳಲ್ಲಿ ರಕ್ತ ಸಾಗಿಸುತ್ತಿದ್ದ ಕಾಲದಲ್ಲಿ ಚಿತ್ರಾ ಸಂಸ್ಥೆಯವರು ಅಂಥ ಚೀಲದ ತಂತ್ರಜ್ಞಾನವನ್ನು ಇಲ್ಲಿಯೇ ರೂಪಿಸಿ ತಿರುವನಂತಪುರದ ಪೆನ್‌ಪೋಲ್ ಕಂಪನಿಗೆ ಕೊಟ್ಟರು. ಕವಾಟದಷ್ಟು ಹೆಸರು ಇದಕ್ಕೆ ಬರಲಿಲ್ಲ. ಉಪಯೋಗ ಪಡೆದವರು ಮಾತ್ರ ಕವಾಟಕ್ಕಿಂತ ಬಹಳ ಹೆಚ್ಚು.

ವಲಿಯತ್ತಾನ್ ಅವರು ಕವಾಟಕ್ಕೆ ನಿಲ್ಲಲಿಲ್ಲ. ಕೇರಳದ ಬಡ ಮಕ್ಕಳಲ್ಲಿ ಹೃದಯದ ಒಳಪೊರೆ ನಾರುಗಟ್ಟಿ ದಪ್ಪವಾಗುವ ಒಂದು ಕಾಯಿಲೆ ಕಾಣುತ್ತಿತ್ತು. ಕರಾವಳಿಯ ಮೊನಜೈಟ್ ಮರಳಿನಲ್ಲಿರುವ ಸೀರಿಯಂ ಮತ್ತು ಆಹಾರದಲ್ಲಿ ಮೆಗ್ನೀಸಿಯಂ ಕೊರತೆ, ಈ ಎರಡಕ್ಕೂ ಅದಕ್ಕೂ ಸಂಬಂಧವಿರಬಹುದೇ ಎಂದು ಅವರು ಹುಡುಕಿದರು. ಎಲ್ಲರೂ ಒಪ್ಪಿದ ಸಿದ್ಧಾಂತವಲ್ಲ ಅದು. ಆದರೆ ಹೃದಯದ ಕಾಯಿಲೆಗೆ ಕಾರಣವನ್ನು ಕಡಲದಂಡೆಯ ಮರಳಿನಲ್ಲಿ ಹುಡುಕಿದ ಶಸ್ತ್ರವೈದ್ಯರ ಮನಸ್ಸು ಎಂಥದು ನೋಡಿ. 1990ರ ದಶಕದಲ್ಲಿ ಅವರು ನಮ್ಮ ಪಕ್ಕದ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದರು. ಆಮೇಲೆ ಚರಕ, ಸುಶ್ರುತ, ವಾಗ್ಭಟರ ಗ್ರಂಥಗಳ ಅಧ್ಯಯನಕ್ಕೆ ಕುಳಿತರು. 2024ರ ಜುಲೈಯಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಮಣಿಪಾಲದಲ್ಲಿಯೇ ತೀರಿಕೊಂಡರು.

ಇನ್ನು ನಿಮ್ಮ ಮನೆಯವರ ದೋಣಿಯ ಮಾತು. ಅವರು ಹೇಳುವುದು ನಿಜ, ಒಬ್ಬರೇ ಎರಡು ದೋಣಿಯಲ್ಲಿ ಕಾಲಿಟ್ಟರೆ ನೀರಿಗೆ ಬೀಳುತ್ತಾರೆ. ಆದರೆ ಸೇತುವೆಗಳು ಬರುವ ಮೊದಲು ನಮ್ಮ ಕರಾವಳಿಯ ಹೊಳೆಗಳಲ್ಲಿ ಏನು ಮಾಡುತ್ತಿದ್ದರು ಎಂದು ನಿಮ್ಮ ಅಜ್ಜನ ಪ್ರಾಯದವರನ್ನು ಕೇಳಿ. ಎರಡು ದೋಣಿಗಳನ್ನು ಪಕ್ಕಪಕ್ಕ ಬಿಗಿದು, ಮೇಲೆ ಹಲಗೆ ಹಾಸಿ, ಜಂಗಲ್ ಮಾಡಿ, ಬಸ್ಸನ್ನೇ ದಾಟಿಸುತ್ತಿದ್ದರು. ಪ್ರತಿ ದೋಣಿಗೂ ಅದರದೇ ಅಂಬಿಗರು. ವಲಿಯತ್ತಾನ್ ಅವರು ಎಂಜಿನಿಯರ್ ಆಗಲು ಹೋಗಲಿಲ್ಲ, ಭುವನೇಶ್ವರ್ ಅವರು ಎದೆ ಕೊಯ್ಯಲು ಹೋಗಲಿಲ್ಲ. ತಮ್ಮ ತಮ್ಮ ಕೆಲಸದಲ್ಲಿ ಪೂರ್ತಿ ಪಳಗಿ, ಇನ್ನೊಬ್ಬರ ಮಾತು ಅರ್ಥವಾಗುವಷ್ಟು ಕಲಿತು, ಹದಿನಾಲ್ಕು ವರ್ಷ ಹಗ್ಗ ಬಿಚ್ಚದೆ ನಿಂತರು.

ಆದ್ದರಿಂದ ಒಂದು ದೋಣಿಯನ್ನು ಆರಿಸಿಕೊಳ್ಳಿ. ರೋಗಿಯ ಕೈ ಹಿಡಿದು ಮಾತನಾಡುವುದು, ರಾತ್ರಿ ಪಾಳಿ, ರಕ್ತ, ಇವು ನಿಮಗೆ ಬೇಕೆನಿಸಿದರೆ ನೀಟ್ ಬರೆಯಿರಿ. ಎಂಬಿಬಿಎಸ್ ಮುಗಿಸಿದವರಿಗಾಗಿಯೇ ಐಐಟಿ ಖರಗ್‌ಪುರದಲ್ಲಿ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನದ ಮೂರು ವರ್ಷದ ಸ್ನಾತಕೋತ್ತರ ಪದವಿಯಿದೆ. ಒಂದು ವಸ್ತು ಏಕೆ ಮುರಿಯಿತು ಎಂದು ತಲೆಕೆಡಿಸಿಕೊಳ್ಳುವವರಾದರೆ ಎಂಜಿನಿಯರಿಂಗ್‌ಗೆ ಹೋಗಿ. ಬಯೋಮೆಡಿಕಲ್ ಎಂಬ ಹೆಸರಿನ ಪದವಿಯೇ ಬೇಕೆಂದಿಲ್ಲ. ಮೆಕ್ಯಾನಿಕಲ್, ಲೋಹಶಾಸ್ತ್ರ, ರಾಸಾಯನಿಕ ಎಂಜಿನಿಯರಿಂಗ್ ಯಾವುದರಲ್ಲಾದರೂ ಬುನಾದಿ ಗಟ್ಟಿಯಾಗಲಿ ಎಂದು ನನ್ನ ಸಲಹೆ. ಆಮೇಲೆ ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ, ಶ್ರೀ ಚಿತ್ರಾ ಮೂರೂ ಸೇರಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂಟೆಕ್‌ನಂಥ ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಬಯೋಮೆಟೀರಿಯಲ್ ಸಂಶೋಧನೆ ನಡೆಯುತ್ತದೆ. ಎರಡೂ ಪ್ರವೇಶ ಪರೀಕ್ಷೆ ಕೈತಪ್ಪಿದರೂ ರಸಾಯನಶಾಸ್ತ್ರದ ಬಿಎಸ್ಸಿ, ಎಂಎಸ್ಸಿ ಓದಿ ಈ ಪ್ರಯೋಗಾಲಯಗಳಿಗೆ ಬಂದವರ ಜೊತೆ ನಾನು ಕೆಲಸ ಮಾಡಿದ್ದೇನೆ. ಅವರಿಲ್ಲದೆ ಒಂದು ಪಾಲಿಮರ್ ಕೂಡ ಹುಟ್ಟುತ್ತಿರಲಿಲ್ಲ.

ಕನ್ನಡ ಮಾಧ್ಯಮ ಅಡ್ಡಿಯಲ್ಲ. ಮೊದಲ ವರ್ಷ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಾನೂ ಪಾರಿಭಾಷಿಕ ಪದಗಳ ಪಟ್ಟಿ ಬರೆದು ಹಾಸ್ಟೆಲಿನ ಗೋಡೆಗೆ ಅಂಟಿಸಿಕೊಂಡಿದ್ದವನು. ಆದರೆ ನೀವು ಬೆಳಗ್ಗೆ ಮನೆಯಲ್ಲಿ ಒಂದು ಭಾಷೆ, ಬಸ್ಸಿನಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದವರು. ಎದುರಿಗಿರುವವರು ಯಾವ ಮಾತಿನವರು ಎಂದು ಮೊದಲು ಕಿವಿಗೊಟ್ಟು ಕೇಳುವುದು ನಿಮಗೆ ರೂಢಿ. ಈ ಕೆಲಸಕ್ಕೆ ಅದು ಬೇಕು. ನನಗೆ ಅದು ಹೊಳೆದದ್ದು ತಡವಾಗಿ. ಚಿಕ್ಕ ವಯಸ್ಸಿನಲ್ಲಿ ರಕ್ತನಾಳಕ್ಕೆ ತೇಪೆ ಹಾಕಲು ಒಂದು ಹಾಳೆಯನ್ನು ತಯಾರಿಸಿ, ಎಷ್ಟು ಎಳೆದರೆ ಹರಿಯುತ್ತದೆ ಎಂಬ ಅಂಕಿಗಳೊಂದಿಗೆ ಒಬ್ಬ ಶಸ್ತ್ರವೈದ್ಯರ ಬಳಿ ಹೋದೆ. ಅವರು ಅಂಕಿ ನೋಡಲಿಲ್ಲ. ಕೈಗವಸು ತೊಟ್ಟು, ಹಾಳೆಯನ್ನು ನೀರಿನಲ್ಲಿ ಅದ್ದಿ, ಸೂಜಿ ಚುಚ್ಚಿದರು. ಸೂಜಿ ಹೋದ ತೂತು ಮುಚ್ಚಿಕೊಳ್ಳಲಿಲ್ಲ. "ಇಲ್ಲಿಂದ ರಕ್ತ ಸೋರುತ್ತದೆ" ಎಂದಷ್ಟೇ ಹೇಳಿದರು. ಎರಡು ವರ್ಷದ ಕೆಲಸವನ್ನು ಹೊಸದಾಗಿ ಶುರುಮಾಡಿದೆ. ಮೊದಲ ದಿನವೇ ಅವರ ಪಕ್ಕದಲ್ಲಿ ನಿಂತು ಅವರು ಹೊಲಿಯುವುದನ್ನು ನೋಡಿದ್ದರೆ ಆ ಎರಡು ವರ್ಷ ಉಳಿಯುತ್ತಿತ್ತು.

ದೊಡ್ಡಮ್ಮನ ಬಗ್ಗೆಯೂ ಹೇಳಬೇಕು. ನಿಮಗೆ ಕೇಳಿಸುವುದು ಕವಾಟ ಮುಚ್ಚುವ ಸದ್ದು. ಇಂಥ ಕವಾಟ ಇದ್ದವರಲ್ಲಿ ಅದು ಸಹಜ. ಸದ್ದು ಹಠಾತ್ತನೆ ಮಂದವಾದರೆ ಅಥವಾ ನಿಂತಂತಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾಂತ್ರಿಕ ಕವಾಟ ಇರುವವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ತೆಗೆದುಕೊಳ್ಳಬೇಕು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ದಿನ ತಪ್ಪದೆ ಮಾಡಿಸಬೇಕು. ಹುಷಾರಾಗಿದ್ದೇನೆ ಎಂದು ಮಾತ್ರೆ ಬಿಟ್ಟವರು ತೊಂದರೆಗೆ ಸಿಲುಕಿದ್ದನ್ನು ನಾನು ಕಂಡಿದ್ದೇನೆ. ಬಸಳೆ, ಹರಿವೆಯಂಥ ಸೊಪ್ಪು ತಿನ್ನಬಾರದೆಂದಿಲ್ಲ. ಒಂದು ವಾರ ದಿನವೂ ಬಸಳೆ, ಮುಂದಿನ ವಾರ ಒಂದೆಸಳೂ ಇಲ್ಲ ಎಂದಾಗಬಾರದು, ಅಷ್ಟೇ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಎದುರು ಕೆಲಸ ಮಾಡುತ್ತದೆ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಕವಾಟದ ವಿಷಯ ಹೇಳಲೇಬೇಕು. ಕಷಾಯ, ನೋವಿನ ಮಾತ್ರೆ ಯಾವುದನ್ನೇ ಆಗಲಿ ಕೇಳದೆ ಕೊಡಬೇಡಿ.

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಅವರಿಗೊಂದು ಸಣ್ಣ ಕಾರ್ಡು ಕೊಟ್ಟಿರುತ್ತಾರೆ. ಬಹುಶಃ ಕಡತದ ನಡುವೆ ಎಲ್ಲೋ ಸೇರಿಹೋಗಿರಬಹುದು. ಹುಡುಕಿ ತೆಗೆಯಿರಿ. ಅದರಲ್ಲಿ ಯಾವ ಕವಾಟ, ಯಾವ ಜಾಗಕ್ಕೆ ಕೂರಿಸಿದ್ದು, ಮಿಲಿಮೀಟರಿನಲ್ಲಿ ಅದರ ಅಳತೆ ಎಷ್ಟು, ಕ್ರಮಸಂಖ್ಯೆ ಏನು ಎಂದು ಬರೆದಿರುತ್ತದೆ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ದೊಡ್ಡಮ್ಮನಿಗೂ ಓದಿ ಹೇಳಿ. ತಟ್ಟೆ ಯಾವುದರದು, ಚೌಕಟ್ಟು ಯಾವ ಲೋಹದ್ದು ಎಂಬುದನ್ನು ಕಾರ್ಡಿನಲ್ಲಿರುವ ಹೆಸರಿನಿಂದ ನೀವೇ ಹುಡುಕಿ ನನಗೆ ಬರೆಯಿರಿ.